ಹಳೆಯ ವಾಲ್ವ್ ಆಂಪ್ ತಗೋಬೇಕಾ? ಹುಬ್ಬಳ್ಳಿ-ಧಾರವಾಡದ ಗಿಟಾರಿನವರಿಗೆ ಒಂದು ಹೋಲಿಕೆ

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ನನಗೆ ಗೊತ್ತಿರುವ ಒಬ್ಬ ರೇಡಿಯೊ ರಿಪೇರಿ ಕಾಕಾ ಇದ್ದಾರೆ. ಈಗ ಮಿಕ್ಸರ್, ಟಿವಿ ರಿಮೋಟು ಅಂತ ಏನೇನೋ ರಿಪೇರಿ ಮಾಡುತ್ತಾರೆ. ಆದರೆ ಅಂಗಡಿಯ ಅಟ್ಟದ ಮೇಲೆ ಎರಡು ಬಿಸ್ಕತ್ ಡಬ್ಬಿಯ ತುಂಬ ಹಳೆಯ ವಾಲ್ವುಗಳನ್ನು, ಅಂದರೆ ಟ್ರಾನ್ಸಿಸ್ಟರಿಗೆ ಮೊದಲು ಬಳಸುತ್ತಿದ್ದ ಗಾಜಿನ ಕೊಳವೆಗಳನ್ನು, ಜೋಪಾನ ಮಾಡಿದ್ದಾರೆ. ನಾನು ಮೊದಲ ಸಲ ಅಮೆರಿಕದ ಒಂದು ಹಳೆಯ ಗಿಟಾರ್ ಆಂಪ್ (ಗಿಟಾರಿನ ದನಿ ದೊಡ್ಡದು ಮಾಡುವ ಪೆಟ್ಟಿಗೆ) ತಂದು ಅವರ ಮುಂದೆ ಇಟ್ಟಾಗ, ಮುಂದಿನ ಹೆಸರನ್ನು ಅವರು ನೋಡಲೇ ಇಲ್ಲ. ತಿರುಗಿಸಿ ಬೆನ್ನು ನೋಡಿದರು.

"ಎಷ್ಟು ವೋಲ್ಟಿಂದು ತಮ್ಮಾ ಇದು? ಟ್ರಾನ್ಸ್‌ಫಾರ್ಮರ್ ಮೊದಲಿಂದೇ ಐತೇನು?"

ನನಗೆ ಎರಡೂ ಗೊತ್ತಿರಲಿಲ್ಲ. ಆ ಆಂಪ್ ಯಾವ ವರ್ಷದ್ದು, ಯಾರು ಬಾರಿಸಿದ್ದರು, ಬಟ್ಟೆಯ ಬಣ್ಣ ಯಾಕೆ ಹಾಗಿದೆ ಅನ್ನುವುದನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದೆ. "ಉಳಿದದ್ದೆಲ್ಲಾ ಬದಲಿ ಮಾಡಬಹುದು. ಕಬ್ಬಿಣ ಸುಟ್ಟರ ಆಂಪ್ ಸತ್ತಂಗ" ಅಂದರು ಕಾಕಾ. ಅವರ ಮಾತಿನಲ್ಲಿ ಕಬ್ಬಿಣ ಅಂದರೆ ಟ್ರಾನ್ಸ್‌ಫಾರ್ಮರ್. ಅಂದಿನಿಂದ ನನ್ನ ಲೆಕ್ಕ ತಿರುವು ಮುರುವು ಆಗಿದೆ. ಮೊದಲು ಟ್ರಾನ್ಸ್‌ಫಾರ್ಮರ್, ಆಮೇಲೆ ವಾಲ್ವ್, ಆಮೇಲೆ ದನಿ. ಹೆಸರು ಕೊನೆಗೆ.

ಫೆಂಡರ್, ಮಾರ್ಷಲ್, ವಾಕ್ಸ್ ಕಂಪನಿಗಳ ಆಂಪುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅವು ಎಲ್ಲರಿಗೂ ಗೊತ್ತು, ಬೆಲೆಯೂ ಹಾಗೇ ಇದೆ. ಅವುಗಳ ನೆರಳಲ್ಲಿ ಮರೆತುಹೋದವು ಬೇರೆ ಇವೆ: ಅಮೆರಿಕದ ಸಿಲ್ವರ್‌ಟೋನ್, ಸುಪ್ರೊ, ಮ್ಯಾಗ್ನಾಟೋನ್, ಗಿಬ್ಸನ್ ಜಿಎ. ಇಂಗ್ಲೆಂಡಿನ ವಾಟ್ಕಿನ್ಸ್, ಸೆಲ್ಮರ್. ಜಪಾನಿನ ಟೀಸ್ಕೊ. ಇವುಗಳ ಜೊತೆ ಪಂಕ್ತಿಯಲ್ಲಿ ನಾನು ಇನ್ನೊಂದನ್ನು ಕೂರಿಸುತ್ತೇನೆ. ನಮ್ಮ ಜಾತ್ರೆ, ಮದುವೆ, ಕಂಪನಿ ನಾಟಕಗಳಲ್ಲಿ ಕೂಗಿ ಕೂಗಿ ಗುಜರಿ ಸೇರಿದ ವಾಲ್ವಿನ ಮೈಕ್‌ಸೆಟ್ ಆಂಪ್.

ಮೊದಲು ಕರೆಂಟಿನ ಮಾತು

ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಸ್. ಅಮೆರಿಕದ ಹಳೆಯ ಆಂಪಿಗೆ ಬೇಕಾದದ್ದು 117 ವೋಲ್ಟ್ ಆಸುಪಾಸು, 60 ಹರ್ಟ್ಸ್. ಜಪಾನಿನದಕ್ಕೆ 100 ವೋಲ್ಟ್. ಇಂಗ್ಲೆಂಡಿನದು ನಮ್ಮ ಕರೆಂಟಿಗೇ ಹೇಳಿ ಮಾಡಿಸಿದ ಹಾಗೆ. ಅದರ ಬೆನ್ನಿಗೆ 200ರಿಂದ 250ರವರೆಗೆ ಬದಲಿಸುವ ಸೆಲೆಕ್ಟರ್ ಇರುವುದೇ ಹೆಚ್ಚು.

"ಸ್ಟೆಪ್‌ಡೌನ್ ಹಾಕಿದರಾಯ್ತಲ್ವಾ?" ಅಂತ ಕೇಳುತ್ತೀರಿ. ಸ್ಟೆಪ್‌ಡೌನ್ ಅಂದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್. ಆಯ್ತು, ಆದರೆ ಅದರಲ್ಲಿ ಎರಡು ಗಂಟುಗಳಿವೆ.

ಒಂದು, 60 ಹರ್ಟ್ಸಿಗೆ ಸುತ್ತಿದ ಟ್ರಾನ್ಸ್‌ಫಾರ್ಮರಿಗೆ 50 ಹರ್ಟ್ಸ್ ಕೊಟ್ಟರೆ ಅದರ ಕಬ್ಬಿಣಕ್ಕೆ ಭಾರ ಜಾಸ್ತಿ. ಬಿಸಿಯಾಗುತ್ತದೆ. ಐವತ್ತು ಅರವತ್ತು ವರ್ಷ ಹಳೆಯ ಇನ್ಸುಲೇಶನ್ನಿಗೆ ಆ ಬಿಸಿ ಒಳ್ಳೆಯದಲ್ಲ. 117ರ ಬದಲು 105ರಿಂದ 110 ವೋಲ್ಟ್ ಕೊಟ್ಟರೆ ತಣ್ಣಗಿರುತ್ತದೆ, ದನಿಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ರಿವೈಂಡಿಂಗ್ ಅಂಗಡಿಯಲ್ಲಿ ಹೇಳಿ ಸುತ್ತಿಸಿ. ಆಂಪ್ ಎಷ್ಟು ವ್ಯಾಟ್ ಎಳೆಯುತ್ತದೋ ಅದರ ಎರಡು ಪಟ್ಟು ತಾಳಿಕೆ ಇರಲಿ.

ಎರಡನೆಯದನ್ನು ನಾನು ಮೈಮೇಲೆ ಕಲಿತೆ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಸ್ಟೆಪ್‌ಡೌನ್‌ಗಳು ಆಟೊ ಟ್ರಾನ್ಸ್‌ಫಾರ್ಮರ್‌ಗಳು. ಒಂದೇ ಸುರುಳಿ. ಗೋಡೆಯ ಕರೆಂಟಿಗೂ ಆಂಪಿಗೂ ನೇರ ಸಂಬಂಧ ಉಳಿದೇ ಇರುತ್ತದೆ. ಹಳೆಯ ಅಮೆರಿಕದ ಆಂಪುಗಳಿಗೆ ಎರಡು ಪಿನ್ನಿನ ವೈರು, ಅರ್ಥಿಂಗ್ ಇಲ್ಲ. ಜೊತೆಗೆ ಮೇನ್ಸ್ ಲೈನಿನಿಂದ ಚಾಸಿಗೆ, ಅಂದರೆ ಆಂಪಿನ ಲೋಹದ ಮೈಗೆ, ಒಂದು ಸಣ್ಣ ಕಂಡೆನ್ಸರ್ ಹಾಕಿರುತ್ತಾರೆ. ಮಾಳಮಡ್ಡಿಯ ಗೆಳೆಯನ ಮನೆಯಲ್ಲಿ, ಗಿಟಾರ್ ಹಿಡಿದುಕೊಂಡೇ ಮೈಕಿಗೆ ತುಟಿ ತಾಗಿಸಿದೆ. ಹಲ್ಲು ಜುಂ ಅಂದವು. ಆವತ್ತು ಹಾಡು ಅಲ್ಲಿಗೇ ಮುಗಿಯಿತು. ಆದ್ದರಿಂದ ಎರಡು ಬೇರೆ ಬೇರೆ ಸುರುಳಿ ಇರುವ ಸ್ಟೆಪ್‌ಡೌನ್ ತಗೊಳ್ಳಿ, ಮೂರು ಪಿನ್ನಿನ ವೈರು ಹಾಕಿಸಿ ಚಾಸಿಗೆ ಅರ್ಥ್ ಕೊಡಿಸಿ, ಆ ಕಂಡೆನ್ಸರ್ ತೆಗೆಸಿಬಿಡಿ. ಹಳೆಯ ರೂಪ ಕೆಡುತ್ತದೆ ಅನ್ನುವವರ ಮಾತು ಕೇಳಬೇಡಿ.

ಅಮೆರಿಕದ ನಾಲ್ಕು

ಸುಪ್ರೊ ಹೆಸರಿನ ಹಿಂದೆ ಇದ್ದದ್ದು ಶಿಕಾಗೊದ ವ್ಯಾಲ್ಕೊ ಕಂಪನಿ. ವಿಕ್ಟರ್ ಸ್ಮಿತ್, ಆಲ್ ಫ್ರಾಸ್ಟ್, ಲೂಯಿಸ್ ಡೊಪಿಯೆರಾ ಅನ್ನುವ ಮೂವರ ಹೆಸರಿನ ಮೊದಲಕ್ಷರ ಕೂಡಿಸಿ ಇಟ್ಟ ಹೆಸರು. ಅದೇ ಕಾರ್ಖಾನೆಯಿಂದ ನ್ಯಾಷನಲ್, ಏರ್‌ಲೈನ್, ಓವಾಹು ಅಂತಲೂ ಆಂಪುಗಳು ಬಂದವು. ಗ್ರೆಚ್ ಕಂಪನಿಯ ಆಂಪುಗಳನ್ನೂ ಅವರೇ ಮಾಡಿಕೊಟ್ಟರು. ಬ್ಯಾಡಗಿ ಮಾರುಕಟ್ಟೆಯಲ್ಲಿ ಒಂದೇ ರಾಶಿಯ ಮೆಣಸಿನಕಾಯಿ ನಾಲ್ಕು ಅಂಗಡಿಯ ಚೀಲದಲ್ಲಿ ಹೋದ ಹಾಗೆ. ಇದು ಗೊತ್ತಿದ್ದರೆ ದುಡ್ಡು ಉಳಿಯುತ್ತದೆ. ಲೆಡ್ ಜೆಪ್ಲಿನ್ನಿನ ಜಿಮ್ಮಿ ಪೇಜ್ ಮೊದಲ ಆಲ್ಬಂಗೆ ಸುಪ್ರೊ ಬಾರಿಸಿದರು ಅಂತ ಸುಪ್ರೊ ಬೆಲೆ ಏರಿದೆ. ಒಳಗೆ ಅದೇ ಸರ್ಕ್ಯೂಟ್ ಇರುವ, ಮುಂದೆ ಬೇರೆ ಹೆಸರಿರುವ ಪೆಟ್ಟಿಗೆ ಕಡಿಮೆಗೆ ಸಿಗಬಹುದು. ವ್ಯಾಲ್ಕೊ 1968ರಲ್ಲಿ ಮುಳುಗಿತು.

ಸುಪ್ರೊ ದನಿ ಒರಟು. ಸ್ವಲ್ಪ ಏರಿಸಿದರೂ ಗಂಟಲು ಒಡೆದ ಹಾಗೆ ಆಗುತ್ತದೆ, ಅದೇ ಅದರ ರುಚಿ. ಆದರೆ ಕೆಲವು ಮಾದರಿಗಳಲ್ಲಿ 6973 ಅನ್ನುವ ವಾಲ್ವ್ ಇದೆ. ನೋಡಲು ಥೇಟ್ ಇಎಲ್84 ಅನ್ನುವ ಇನ್ನೊಂದು ವಾಲ್ವಿನ ಹಾಗೆ, ಒಂಬತ್ತು ಪಿನ್ನು. ಒಳಗಿನ ಜೋಡಣೆ ಮಾತ್ರ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ತುರುಕಿದರೆ ಕೆಟ್ಟಿತು ಅಂತಲೇ ತಿಳಿಯಿರಿ. ಕಾಕಾನ ಬಿಸ್ಕತ್ ಡಬ್ಬಿಯಲ್ಲಿ 6973 ಇಲ್ಲ, ಹೊರಗಿನಿಂದ ತರಿಸಬೇಕು.

ಸಿಲ್ವರ್‌ಟೋನ್ ಸಿಯರ್ಸ್ ಅಂಗಡಿಯವರು ಕ್ಯಾಟಲಾಗಿನಲ್ಲಿ ಮಾರುತ್ತಿದ್ದ ಹೆಸರು. 1960ರ ದಶಕದ 1484 ಮಾದರಿಯನ್ನು ಮಾಡಿಕೊಟ್ಟವರು ಡ್ಯಾನೆಲೆಕ್ಟ್ರೊ. ಎರಡು 6ಎಲ್6 ವಾಲ್ವ್, ಎರಡು 12 ಇಂಚಿನ ಸ್ಪೀಕರ್, ತಲೆಯನ್ನು, ಅಂದರೆ ಆಂಪಿನ ಭಾಗವನ್ನು, ಕಳಚಿ ಪೆಟ್ಟಿಗೆಯ ಹೊಟ್ಟೆಯೊಳಗೇ ಇಟ್ಟು ಒಯ್ಯುವ ಜಾಣತನ. ಅಮೆರಿಕದ ರಾಕ್ ಗಿಟಾರಿಸ್ಟ್ ಜ್ಯಾಕ್ ವೈಟ್ ಬಾರಿಸಿದ್ದು ಇದರ ಅಣ್ಣ, ಆರು 10 ಇಂಚಿನ ಸ್ಪೀಕರಿನ 1485. ದನಿ ದೊಡ್ಡದು, ಬಿಚ್ಚುಮನಸ್ಸಿನದು. ದನಿಗೆ ಪ್ರತಿಧ್ವನಿ ಸೇರಿಸುವ ರಿವರ್ಬ್ ಮಾತ್ರ ಹೆಸರಿಗಷ್ಟೇ. ಪೆಟ್ಟಿಗೆ ಮರದ ಪುಡಿ ಒತ್ತಿ ಮಾಡಿದ ಹಲಗೆಯದು. ಗದಗದ ಒಣಹವೆಯಲ್ಲಿ ಬದುಕಿಕೊಳ್ಳಬಹುದು. ಧಾರವಾಡದ ಜುಲೈ ತಿಂಗಳಲ್ಲಿ ನೆಲದ ಮೇಲೆ ಇಟ್ಟರೆ ಅಂಚು ಉಬ್ಬುತ್ತದೆ.

ಗಿಬ್ಸನ್ ಜಿಎ ಸಾಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1952ರಲ್ಲಿ ಲೆಸ್ ಪಾಲ್ ಗಿಟಾರಿನ ಜೊತೆ ಜೋಡಿಯಾಗಿ ಬಂದ ಜಿಎ-40 ಮೆತ್ತಗಿನ, ದಪ್ಪ ದನಿಯದು. ಎರಡು 6ವಿ6 ವಾಲ್ವ್, ಒಂದು 12 ಇಂಚಿನ ಸ್ಪೀಕರ್. ಜ್ಯಾಝ್ ಬಾರಿಸುವವರಿಗೆ ಹಿಡಿಸುತ್ತದೆ. 6ವಿ6 ಇವತ್ತಿಗೂ ಹೊಸದಾಗಿ ತಯಾರಾಗುತ್ತದೆ, ಅದು ದೊಡ್ಡ ಸಮಾಧಾನ.

ಮ್ಯಾಗ್ನಾಟೋನ್ ಹತ್ತಿರ ಮಾತ್ರ ಸ್ವಲ್ಪ ಕೂರಬೇಕು. ಇದು ಕ್ಯಾಲಿಫೋರ್ನಿಯಾದ್ದು. 1950ರ ದಶಕದ ಕೊನೆಯ 280 ಮಾದರಿ ಇದರ ಹೆಸರುವಾಸಿ ಆಂಪ್. ರಾಕ್ ಅಂಡ್ ರೋಲ್ ಗಾಯಕ ಬಡಿ ಹಾಲಿ ಹತ್ತಿರ ಇತ್ತು. ಗಿಟಾರಿಸ್ಟ್ ಲಾನಿ ಮ್ಯಾಕ್ ಮ್ಯಾಗ್ನಾಟೋನ್ ದನಿಯಿಂದಲೇ ಹೆಸರಾದರು. ಇದರ ವಿಶೇಷ ವೈಬ್ರಾಟೊ. ಬಹಳ ಆಂಪುಗಳ ಮೇಲೆ ವೈಬ್ರಾಟೊ ಅಂತ ಬರೆದಿರುತ್ತದೆ, ಒಳಗಿರುವುದು ಟ್ರೆಮೊಲೊ. ಟ್ರೆಮೊಲೊ ಅಂದರೆ ದನಿ ಸಣ್ಣದು ದೊಡ್ಡದು ಆಗುವುದು, ಸ್ವರ ಅಲ್ಲೇ ಇರುತ್ತದೆ. ಹಾರ್ಮೋನಿಯಂ ತಿದಿಯನ್ನು ಅಲುಗಿಸಿದ ಹಾಗೆ. ಮ್ಯಾಗ್ನಾಟೋನಿನಲ್ಲಿ ಸ್ವರವೇ ಮೇಲೆ ಕೆಳಗೆ ತೂಗುತ್ತದೆ. ಧಾರವಾಡದವರಿಗೆ ಹೀಗೆ ಹೇಳಿದರೆ ಸಾಕು: ದರ್ಬಾರಿಯ ಗಾಂಧಾರಕ್ಕೆ ಕೊಡುವ ಆಂದೋಲನದ ಜಾತಿಯದು. ಅಷ್ಟೇ ನಾಜೂಕು ಅಂತಲ್ಲ, ಯಂತ್ರ ಯಂತ್ರವೇ. ಆದರೆ ಸಂಗೀತ ಕೇಳಿದ ಕಿವಿಗೆ ಆ ಎರಡರ ಫರಕು ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ.

ಈ ತೂಗಾಟ ಹುಟ್ಟುವುದು ವ್ಯಾರಿಸ್ಟರ್ ಅನ್ನುವ ಬಿಡಿಭಾಗದಿಂದ. ಅದರ ಮೇಲೆ ಬೀಳುವ ವೋಲ್ಟೇಜ್ ಬದಲಾದಂತೆ ಅದರ ತಡೆ ಬದಲಾಗುತ್ತದೆ. ಆ ಕಾಲದ ವ್ಯಾರಿಸ್ಟರ್ ಈಗ ಸಿಗುವುದು ಕಷ್ಟ. ಆದ್ದರಿಂದ ವೈಬ್ರಾಟೊ ಕೆಲಸ ಮಾಡದ ಮ್ಯಾಗ್ನಾಟೋನ್ ಯಾರಾದರೂ ಕಡಿಮೆಗೆ ಕೊಡುತ್ತೇನೆ ಅಂದರೆ ಬೇಡವೇ ಬೇಡ. ಹಾಲು ಕೊಡದ ಎಮ್ಮೆಯನ್ನು ಕೊಂಬು ಚೆಂದ ಅಂತ ತಂದ ಹಾಗಾಗುತ್ತದೆ.

ಇಂಗ್ಲೆಂಡಿನವು

ಹೊರದೇಶದ ಆಂಪೇ ಬೇಕು ಅನ್ನುವವರಿಗೆ ನನ್ನ ಮೊದಲ ಸಲಹೆ ವಾಟ್ಕಿನ್ಸ್ ಡಾಮಿನೇಟರ್. ಲಂಡನ್ನಿನ ಚಾರ್ಲಿ ವಾಟ್ಕಿನ್ಸ್ 1950ರ ದಶಕದಲ್ಲಿ ಹೊರತಂದದ್ದು. ಇದೇ ಚಾರ್ಲಿ 1958ರಲ್ಲಿ ಕಾಪಿಕ್ಯಾಟ್ ಅನ್ನುವ ಟೇಪ್ ಎಕೊ ಯಂತ್ರವನ್ನೂ ಮಾಡಿದರು. ಡಾಮಿನೇಟರಿನ ಮುಖ ಕೆಳಗೆ ಮೇಲೆ ಅಲ್ಲ, ಎಡಕ್ಕೆ ಬಲಕ್ಕೆ ಮೂಲೆ ಮಾಡಿಕೊಂಡು ನಿಂತಿದೆ. ಎರಡು ಸ್ಪೀಕರ್ ಎರಡು ದಿಕ್ಕಿಗೆ ನೋಡುತ್ತವೆ. ಒಳಗೆ ಒಂದು ಜೋಡಿ ಇಎಲ್84, ಸುಮಾರು 17 ವ್ಯಾಟ್. ಮುಂದೆ ಮಾರ್ಷಲ್ ಮಾಡಿದ 18 ವ್ಯಾಟಿನ ಆಂಪಿನ ಸರ್ಕ್ಯೂಟ್ ಇದಕ್ಕೆ ಬಹಳ ಹತ್ತಿರದ್ದು. ಆ ಮಾರ್ಷಲ್ಲಿಗೆ ಜನ ಸಾಲ ಮಾಡಿ ದುಡ್ಡು ಕೊಡುತ್ತಾರೆ, ಡಾಮಿನೇಟರಿನ ಹೆಸರು ಅಷ್ಟು ಜನಕ್ಕೆ ಗೊತ್ತಿಲ್ಲ.

ಇದು ನಮಗೆ ಯಾಕೆ ಹೊಂದುತ್ತದೆ ಅಂದರೆ, ಸ್ಟೆಪ್‌ಡೌನ್ ಬೇಡ, 50 ಹರ್ಟ್ಸಿಗೇ ಸುತ್ತಿದ ಕಬ್ಬಿಣ. ವಾಲ್ವುಗಳು ಇಎಲ್84, ಇಸಿಸಿ83. ಇವು ನಮ್ಮಲ್ಲೇ ತಯಾರಾಗುತ್ತಿದ್ದವು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1961ರಿಂದ ರೇಡಿಯೊ ವಾಲ್ವ್ ಮಾಡಲು ಶುರುಮಾಡಿತು. ಹಳೆಯ ರಿಪೇರಿ ಅಂಗಡಿಗಳ ಡಬ್ಬಿಗಳಲ್ಲಿ ಇವತ್ತಿಗೂ ಬಿಇಎಲ್ ಮುದ್ರೆಯ ಇಎಲ್84 ಕಾಣುತ್ತದೆ. ಅದು ಮುಗಿದರೆ ರಷ್ಯಾದ 6ಪಿ14ಪಿ ಅದೇ ಜಾಗದಲ್ಲಿ ಕೂರುತ್ತದೆ.

ಸೆಲ್ಮರ್ ಕಂಡರೆ ನನಗೆ ಸ್ವಲ್ಪ ಮೋಹ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. 1960ರ ದಶಕದ ಆರಂಭದ ಜೋಡಿಯಾಕ್ ಟ್ವಿನ್‌ಗೆ ಮೊಸಳೆ ಚರ್ಮದಂಥ ಹೊದಿಕೆ. ದನಿ ಬದಲಿಸಲು ಗುಂಡಿಗಳ ಸಾಲು. ಟ್ರೆಮೊಲೊ ಹಾಕಿದರೆ ಮುಂದೆ ಒಂದು ಕಣ್ಣು ತಾಳಕ್ಕೆ ಮಿಟುಕುತ್ತದೆ. ಅಜ್ಜನ ಮನೆಯ ದೊಡ್ಡ ರೇಡಿಯೊದಲ್ಲಿ ಧಾರವಾಡ ಆಕಾಶವಾಣಿ ಸರಿಯಾಗಿ ಸಿಕ್ಕಾಗ ಕಿರಿದಾಗುತ್ತಿತ್ತಲ್ಲ ಹಸಿರು ಮ್ಯಾಜಿಕ್ ಐ, ಅದರದೇ ತಮ್ಮ. ಆದರೆ ಮೋಹ ಬೇರೆ, ಬುದ್ಧಿ ಬೇರೆ. ಗುಂಡಿಗಳ ಸ್ವಿಚ್ಚಿಗೆ ಕಿಲುಬು ಹಿಡಿದರೆ ಬಿಡಿಭಾಗ ಹುಡುಕುವುದು ತಲೆನೋವು, ಭಾರವೂ ಜಾಸ್ತಿ. ಎರಡರಲ್ಲಿ ಒಂದು ಅಂದರೆ ಡಾಮಿನೇಟರ್.

ಜಪಾನಿನ ಟೀಸ್ಕೊ ಬಗ್ಗೆ ಎರಡು ಮಾತು. 1946ರಲ್ಲಿ ಟೋಕಿಯೊದಲ್ಲಿ ಶುರುವಾಗಿ 1967ರಲ್ಲಿ ಕವಾಯಿ ಕಂಪನಿಯ ಕೈಗೆ ಹೋಯಿತು. ಜಪಾನಿನ ಅರ್ಧ ಭಾಗದಲ್ಲಿ 50, ಇನ್ನರ್ಧದಲ್ಲಿ 60 ಹರ್ಟ್ಸ್ ಇರುವುದರಿಂದ ಅಲ್ಲಿ ಮಾರಲು ಮಾಡಿದ ಆಂಪಿಗೆ ನಮ್ಮ 50 ಹರ್ಟ್ಸ್ ಹೊಸದಲ್ಲ. 110ರ ಸ್ಟೆಪ್‌ಡೌನ್ ಹಾಕಬೇಡಿ, 100ರದೇ ಬೇಕು. ಇಲ್ಲದಿದ್ದರೆ ವಾಲ್ವನ್ನು ಒಳಗಿನಿಂದ ಕಾಯಿಸುವ ಹೀಟರಿಗೆ 6.3 ಹೋಗಬೇಕಾದಲ್ಲಿ 6.9 ವೋಲ್ಟ್ ಹೋಗುತ್ತದೆ.

ನಮ್ಮ ಮೈಕ್‌ಸೆಟ್

ಈಗ ನಾನು ನಿಜವಾಗಿ ಹೇಳಬೇಕಾದದ್ದಕ್ಕೆ ಬಂದೆ. ಗದಗ, ಹಾವೇರಿ, ಹುಬ್ಬಳ್ಳಿಯ ಹಳೆಯ ಮೈಕ್‌ಸೆಟ್ ಅಂಗಡಿಗಳ ಹಿಂದಿನ ಕೋಣೆಯಲ್ಲಿ ಕಬ್ಬಿಣದ ಬೂದು ಪೆಟ್ಟಿಗೆಗಳು ಧೂಳು ತಿನ್ನುತ್ತಿವೆ. ಅಹುಜಾದಂಥ ಕಂಪನಿಗಳು ಟ್ರಾನ್ಸಿಸ್ಟರಿಗೆ ಮೊದಲು ವಾಲ್ವಿನಲ್ಲೇ ಆಂಪ್ ಮಾಡುತ್ತಿದ್ದವು. ರಾತ್ರಿಯಿಡೀ ನಾಟಕ ನಡೆಸಿದ, ಬೆಳಗಿನ ಜಾವದವರೆಗೆ ಭಜನೆ ಕೂಗಿದ ಕಬ್ಬಿಣ ಅದು. ಟ್ರಾನ್ಸ್‌ಫಾರ್ಮರ್ ದಪ್ಪ, 230ಕ್ಕೇ ಸುತ್ತಿದ್ದು. ನಮ್ಮ ವೋಲ್ಟೇಜಿನ ಏರಿಳಿತ ಅದಕ್ಕೆ ಹುಟ್ಟಿನಿಂದ ರೂಢಿ.

ಇದನ್ನು ಗಿಟಾರಿಗೆ ಒಗ್ಗಿಸುವುದು ದೊಡ್ಡ ವಿದ್ಯೆಯಲ್ಲ. ಹಿಂದೆ ಸ್ಪೀಕರ್ ಕೊಡುವ ಜಾಗದಲ್ಲಿ 100 ವೋಲ್ಟ್ ಲೈನ್ ಅಂತ ಒಂದು ತುದಿ, ಜೊತೆಗೆ 4, 8, 16 ಓಮ್ ತುದಿಗಳು ಇರುತ್ತವೆ. 100 ವೋಲ್ಟಿನದು ಊರ ತುಂಬ ಕಟ್ಟುವ ಹಾರ್ನುಗಳಿಗೆ. ನಿಮಗೆ ಬೇಕಾದದ್ದು 8 ಅಥವಾ 16 ಓಮ್, ಅಲ್ಲಿಗೆ ಅದೇ ಓಮಿನ 12 ಇಂಚಿನ ಗಿಟಾರ್ ಸ್ಪೀಕರ್ ಕೊಡಿ. ಹಾರ್ನಿಗೇ ಗಿಟಾರ್ ಕೊಟ್ಟರೆ ದಪ್ಪ ತಂತಿಯ ದನಿಯೇ ಬರುವುದಿಲ್ಲ, ಜಾತ್ರೆಯ ಪೀಪಿ ಕೇಳಿದ ಹಾಗಿರುತ್ತದೆ. ಇನ್‌ಪುಟ್ ಕಡೆ ಮೈಕಿನ ಜಾಗಕ್ಕೆ ನೇರ ಚುಚ್ಚಬೇಡಿ, ಅದರ ಹಿಂದೆ ಸಣ್ಣ ಟ್ರಾನ್ಸ್‌ಫಾರ್ಮರ್ ಇದ್ದರೆ ಗಿಟಾರ್ ಪಿಕಪ್ಪಿನ ದನಿ ಮಂಕಾಗುತ್ತದೆ. ಮೊದಲ ಇಸಿಸಿ83ರ ಗ್ರಿಡ್ಡಿಗೆ, ಅಂದರೆ ದನಿ ಒಳಗೆ ಹೋಗುವ ಪಿನ್ನಿಗೆ, 1 ಮೆಗಾ ಓಮಿನ ರೆಸಿಸ್ಟರ್ ಹಾಕಿ ಹೊಸ ಜ್ಯಾಕ್ ಕೂರಿಸಬೇಕು. ಮಾತು ಸ್ಪಷ್ಟ ಕೇಳಲಿ ಅಂತ ಕೆಳಗಿನ ದನಿಯನ್ನು ಕತ್ತರಿಸಿರುತ್ತಾರೆ. ವಾಲ್ವಿನಿಂದ ವಾಲ್ವಿಗೆ ದನಿ ದಾಟಿಸುವ ಕಂಡೆನ್ಸರನ್ನು ಸ್ವಲ್ಪ ದೊಡ್ಡದು ಮಾಡಿದರೆ ಅದು ವಾಪಸ್ ಬರುತ್ತದೆ.

ನಾನು ಈಗ ಬಾರಿಸುವುದು ಇಂಥದೇ ಒಂದನ್ನು. ತೂಕಕ್ಕೆ ಹಾಕುವ ಹೊತ್ತಿಗೆ ತಂದದ್ದು. ಮ್ಯಾಗ್ನಾಟೋನಿನ ನಾಜೂಕು ಇಲ್ಲ, ರಿವರ್ಬ್ ಇಲ್ಲ. ಆದರೆ ಕೆಟ್ಟರೆ ಸಂಜೆಯೊಳಗೆ ಸರಿಯಾಗುತ್ತದೆ.

ಮನೆಯಲ್ಲಿ ಮಾತ್ರ ಬಾರಿಸುವವರಿಗೆ ಹಳೆಯ ವಾಲ್ವ್ ರೇಡಿಯೊವೂ ಒಂದು ದಾರಿ. ಒಂದೇ ಇಎಲ್84 ಇದ್ದರೆ ನಾಲ್ಕೈದು ವ್ಯಾಟ್ ಸಿಗುತ್ತದೆ. ಅಷ್ಟಕ್ಕೇ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಬೆನ್ನಿಗಿರುವ ಗ್ರಾಮಫೋನ್ ತೂತುಗಳೇ ಇನ್‌ಪುಟ್, ಮುಂದೆ ದನಿ ಸ್ವಲ್ಪ ಏರಿಸಿ ಕೊಡುವ ಒಂದು ಸಣ್ಣ ಪ್ರೀಆಂಪ್ ಬೇಕಾದೀತು. ಆದರೆ ಇಲ್ಲಿ ವಾಲ್ವಿನ ಹೆಸರಿನ ಮೊದಲ ಅಕ್ಷರ ಓದಲು ಬರಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ. ಇ ಇಂದ ಶುರುವಾದರೆ 6.3 ವೋಲ್ಟಿನ ಹೀಟರ್, ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಯು ಇಂದ ಶುರುವಾದರೆ, ಅಂದರೆ ಯುಎಲ್84, ಯುಸಿಎಲ್82 ಥರದ್ದಾದರೆ, ಹೀಟರುಗಳನ್ನು ದೀಪದ ಸರದ ಹಾಗೆ ಪೋಣಿಸಿ ನೇರ ಮೇನ್ಸಿಗೆ ಕೊಟ್ಟಿರುತ್ತಾರೆ. ಚಾಸಿಯೇ ಲೈವ್ ಆಗಿರಬಹುದು. ಅದಕ್ಕೆ ಗಿಟಾರ್ ಚುಚ್ಚುವುದು ಅಂದರೆ ಪ್ಲಗ್ಗಿಗೆ ಬೆರಳಿಟ್ಟ ಹಾಗೆ. ಡಿ ಇಂದ ಶುರುವಾದರೆ ಕರೆಂಟ್ ಇಲ್ಲದ ಹಳ್ಳಿಗಳಿಗೆ ಮಾಡಿದ ಬ್ಯಾಟರಿ ಸೆಟ್ಟು, ಗಿಟಾರಿಗೆ ಪ್ರಯೋಜನವಿಲ್ಲ. ಅಮೆರಿಕದ ಅಗ್ಗದ ಪುಟಾಣಿ ಆಂಪುಗಳಲ್ಲೂ ಇದೇ ಮೋಸ ಇದೆ. ಅಲ್ಲಿ ಮೊದಲ ಅಂಕಿಯೇ ಹೀಟರ್ ವೋಲ್ಟೇಜ್. 50ಸಿ5, 35ಡಬ್ಲ್ಯು4 ಕಂಡರೆ ಕೈ ಹಿಂದಕ್ಕೆ ತಗೊಳ್ಳಿ.

ಇನ್ನೊಂದು ವಿನಂತಿ. ಚೆನ್ನಾಗಿ ಹಾಡುತ್ತಿರುವ ರೇಡಿಯೊವನ್ನು ಗಿಟಾರಿಗಾಗಿ ಕುಯ್ಯಬೇಡಿ. ಹೇಗೂ ಸತ್ತಿರುವವು ಬೇಕಾದಷ್ಟು ಸಿಗುತ್ತವೆ.

ಯಾರಿಗೆ ಯಾವುದು

ಕಾಲೇಜಿನ ಬ್ಯಾಂಡು, ಡ್ರಮ್ಸ್ ಜೊತೆಗೆ ಬಾರಿಸಬೇಕು, ದುಡ್ಡು ಕಡಿಮೆ: ಜೋಡಿ ವಾಲ್ವಿನ ಮೈಕ್‌ಸೆಟ್, ಕಣ್ಣುಮುಚ್ಚಿ. ದುಡ್ಡಿದೆ, ಹೊರಗಿನಿಂದ ತರಿಸಬಲ್ಲೆ ಅನ್ನುವವರಿಗೆ ಡಾಮಿನೇಟರ್. ಮನೆಯಲ್ಲಿ ರೆಕಾರ್ಡಿಂಗ್ ಮಾಡುವವರಿಗೆ, ಬೇರೆ ಯಾರ ಹತ್ತಿರವೂ ಇಲ್ಲದ ದನಿ ಬೇಕಾದವರಿಗೆ, ವೈಬ್ರಾಟೊ ನಡೆಯುತ್ತಿರುವ ಮ್ಯಾಗ್ನಾಟೋನ್. ಅದನ್ನು ವಾರಕ್ಕೊಂದು ಊರಿಗೆ ಹೊತ್ತೊಯ್ಯಬೇಡಿ. ಸುಪ್ರೊ, ಸಿಲ್ವರ್‌ಟೋನ್ ಅಮೆರಿಕದಲ್ಲಿ ನೆಂಟರಿದ್ದು ಅವರೇ ಕಂಟೇನರಿನಲ್ಲಿ ಸಾಮಾನು ತರುತ್ತಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತವೆ. ಇಲ್ಲದಿದ್ದರೆ ಸಾಗಣೆಯ ಖರ್ಚೇ ಆಂಪಿಗಿಂತ ಜಾಸ್ತಿ ಆದೀತು.

ಅಮೆರಿಕದ್ದಾದರೆ ವಯಸ್ಸು ನೀವೇ ಪತ್ತೆ ಮಾಡಬಹುದು. ವಾಲ್ಯೂಮ್ ಪಾಟಿನ, ಅಂದರೆ ತಿರುಗಿಸುವ ಗುಂಡಿಯ ಹಿಂದಿನ ಬಿಡಿಭಾಗದ, ಬೆನ್ನ ಮೇಲೆ, ಸ್ಪೀಕರಿನ ಮೇಲೆ ಅಂಕಿಗಳಿರುತ್ತವೆ. ಮೊದಲ ಮೂರು ತಯಾರಕರದ್ದು, 220 ಅಂದರೆ ಜೆನ್ಸೆನ್, 137 ಅಂದರೆ ಸಿಟಿಎಸ್. ಆಮೇಲಿನವು ವರ್ಷ, ವಾರ. 137-6412 ಅಂದರೆ 1964ರ ಹನ್ನೆರಡನೇ ವಾರ. ಮಾರುವವರು 1955 ಅಂತ ಹೇಳಿ ಎಲ್ಲ ಪಾಟುಗಳ ಮೇಲೂ 64 ಇದ್ದರೆ ಸುಮ್ನೆ ನಕ್ಕು ಬೆಲೆ ಇಳಿಸಿ.

ಹಮ್, ಅಂದರೆ ಗುಂಯ್ ಅನ್ನುವ ಸದ್ದು, ಇದ್ದರೆ ಹೆದರಬೇಡಿ, ಕಿವಿಗೊಡಿ. ಅದು 100 ಹರ್ಟ್ಸಿನದಾದರೆ ಫಿಲ್ಟರ್ ಕಂಡೆನ್ಸರುಗಳು ಒಣಗಿವೆ. ಖರ್ಚು ಕಡಿಮೆ, ಹೇಗೂ ಬದಲಿಸಲೇಬೇಕು. 50ರದಾದರೆ ಹೀಟರ್, ವಾಲ್ವ್ ಅಥವಾ ಅರ್ಥಿಂಗ್ ಕಡೆ ನೋಡಿ. ಎರಡಕ್ಕೂ ಸರಿಯಾಗಿ ಒಂದು ಸಪ್ತಕದ ಅಂತರ. 100 ಹರ್ಟ್ಸ್ ಅಂದರೆ ಹಾರ್ಮೋನಿಯಂನ ಕೆಳಗಿನ ಬಿಳಿ ಐದಕ್ಕಿಂತ ಒಂದು ಕೂದಲು ಏರು. ನಮ್ಮೂರಲ್ಲಿ ಅದನ್ನೇ ತಂಬೂರಿ ಮಾಡಿಕೊಂಡು ಹಾಡಲು ಕೂರುವವರೂ ಸಿಗಬಹುದು.

ಕೊಳ್ಳಲು ಹೋಗುವಾಗ ಕಾಕಾನಂಥ ಒಬ್ಬರನ್ನು ಕರೆದುಕೊಂಡು ಹೋಗಿ, ಜೊತೆಗೆ ಸೀರೀಸ್ ಬೋರ್ಡ್, ಅಂದರೆ ಕರೆಂಟಿನ ದಾರಿಯಲ್ಲಿ ಒಂದು ಬಲ್ಬ್ ಸೇರಿಸುವ ಬೋರ್ಡ್. ನೀವಾಗಿ ಒಳಗೆ ಕೈ ಹಾಕಬೇಡಿ, ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರಿನಲ್ಲಿ 300–400 ವೋಲ್ಟ್ ಕೂತಿರುತ್ತದೆ. ಸ್ಪೀಕರ್ ಜೋಡಿಸದೆ ಆನ್ ಮಾಡಲೂಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಆಂಪ್ ಹಚ್ಚಿ. ಬಲ್ಬ್ ಒಮ್ಮೆ ಜಗ್ಗನೆ ಉರಿದು ನಿಧಾನಕ್ಕೆ ಮಂದವಾದರೆ ಮಾತು ಮುಂದುವರಿಸಬಹುದು. ಪೂರ್ತಿ ಉರಿಯುತ್ತಲೇ ನಿಂತರೆ ಅವರು ಕೊಟ್ಟ ಚಹಾ ಕುಡಿದು, ಬರ್ತೀವ್ರಿ ಅಂತ ಹೇಳಿ ಎದ್ದು ಬನ್ನಿ.